ಕೆಲಸ ಬಿಡಬೇ

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯ ಕೊನೆಯ ಸಾಲು 'ಸೊಂಟನೋವು ಇರುವವರು ಕೆಲಸ ಬಿಡಬೇ' ಎಂಬಲ್ಲಿಗೆ ನಿಂತುಹೋಗಿತ್ತು. ಮುಂದಿನ ಅಕ್ಷರ ಇರಬೇಕಾದ ಕಡೆ ಹಾಳೆಯ ಅಂಚು, ಅಂಚಿನಾಚೆ ನಮ್ಮ ಅಡುಗೆಮನೆಯ ಗೋಡೆ. ನಾನು ಅದನ್ನು ಸಿಂಕಿನ ಪಕ್ಕ ಅಂಟಿಸಿದ್ದೆ. ಪಾತ್ರೆ ತೊಳೆಯುವಾಗ ಪುಟ್ಟ ಸ್ಟೂಲಿನ ಮೇಲೆ ಒಂದು ಕಾಲಿಟ್ಟು, ಆಮೇಲೆ ಅದನ್ನಿಳಿಸಿ ಇನ್ನೊಂದು ಕಾಲಿಟ್ಟು, ಆ ಸಾಲನ್ನೇ ನೋಡುತ್ತಿದ್ದೆ. ಬಿಡಬೇಕು ಅಂತಲೋ, ಬಿಡಬೇಡಿ ಅಂತಲೋ.

ಹಾಳೆಯಲ್ಲಿ ಒಟ್ಟು ಏಳು ಸಾಲುಗಳಿದ್ದವು, ಪಕ್ಕದಲ್ಲಿ ಕಡ್ಡಿಮನುಷ್ಯನ ಚಿತ್ರಗಳು. ಚಿಕ್ಕ ಸಾಲುಗಳು ಪೂರ್ತಿ ಉಳಿದಿದ್ದವು. 'ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ' ಎಂಬುದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಬಲಗಡೆಯ ಅಂಚಿನವರೆಗೆ ಓಡಿದ್ದ ನಾಲ್ಕು ಸಾಲುಗಳಿಗೆ ಮಾತ್ರ ಬಾಲವಿರಲಿಲ್ಲ. 'ನೋವು ಹೆಚ್ಚಾದಾಗ ದಿನವಿಡೀ ಮಲಗಿರಬೇ.' 'ಕೆಳಗಿನ ವಸ್ತು ಎತ್ತುವಾಗ ಮಂಡಿ ಮಡಿಸಬೇ.' 'ನೋವು ಮತ್ತೆ ಬಂದರೆ ಹೆದರಬೇ.' ಕೊನೆಗೆ ನನ್ನ ಸಾಲು.

ಅಮ್ಮನಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಅವಳು ಹದಿನೆಂಟು ವರ್ಷ ಒಂದು ಹಾಸ್ಟೆಲಿನ ನೆಲ ಒರೆಸಿದವಳು. ಅವಳ ಸೊಂಟಕ್ಕೆ ಯಾರೂ ಹಾಳೆ ಕೊಟ್ಟಿರಲಿಲ್ಲ, ಮಲಗು ಎಂದೂ ಹೇಳಿರಲಿಲ್ಲ. ಹಾಗಾಗಿ ಅವಳು ಎಲ್ಲ ಕಡೆ 'ಬೇಕು' ಎಂದೇ ಓದಿದಳು. ಮಲಗಿರಬೇಕು, ಬಿಡಬೇಕು, ಇದರಲ್ಲಿ ಯೋಚಿಸುವುದೇನಿದೆ, ಡಾಕ್ಟರು ಬಿಡಬೇಡ ಅಂತ ಯಾಕೆ ಬರೀತಾರೆ ಎಂದಳು. ಅಣ್ಣ ಊಟದ ತಟ್ಟೆ ಹಿಡಿದು ಬಂದು ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಅಮ್ಮನ ಲೆಕ್ಕದಲ್ಲಿ ಹೆದರಬೇಕು ಅಂತಾನೂ ಇದೆಯಲ್ಲ, ಸದ್ಯ ಅದೊಂದನ್ನು ನಾವು ಚೆನ್ನಾಗಿ ಮಾಡ್ತಿದ್ದೀವಿ ಎಂದ. ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಬಾಯಿ ಮುಚ್ಚಿಸಿದಳು.

ನಾನು ಬೆಳಿಗ್ಗೆ 'ಬೇಡಿ' ಎಂದು ಓದುತ್ತಿದ್ದೆ, ಸಂಜೆ 'ಬೇಕು' ಎಂದು. ಆಸ್ಪತ್ರೆಗೆ ಹೋಗಿ ಕೇಳಿದರೆ ಮುಗಿಯುವ ಮಾತು. ಆದರೆ ಕೇಳುವುದು ನನಗೆ ಅಷ್ಟು ಸುಲಭವಲ್ಲ. ವ್ಯಾಯಾಮ ಹೇಳಿಕೊಡುವ ಮೇಡಂ ಬಾಗಿಲಲ್ಲಿ ಯಾವಾಗಲೂ ಇಪ್ಪತ್ತು ಮಂದಿ. ಐದು ವಾರ ಬಿಟ್ಟು ಬಾ ಎಂದಿದ್ದರು. ಹಾಳೆ ಕತ್ತರಿಸಿಹೋಗಿರುವುದು ನನ್ನದೊಂದೇ ಇರಬೇಕು, ನನ್ನ ಪಾಲಿಗೆ ಬಂದದ್ದು ಹಾಗೆ ಅಂದುಕೊಂಡು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಉತ್ತರ 'ಬೇಕು' ಎಂದಾಗಿಬಿಟ್ಟರೆ ಏನು ಗತಿ ಎಂಬ ಭಯವೂ ಇತ್ತು.

ನನ್ನ ಕೆಲಸ ಬೈಂಡಿಂಗ್ ಅಂಗಡಿಯಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಎರಡು ವರ್ಷ ಮನೆಯಲ್ಲಿದ್ದೆ, ಆಮೇಲೆ ಇಲ್ಲಿಗೆ ಸೇರಿದೆ. ಮೊದಲು ಹಾಳೆ ಮಡಿಸುವುದು, ಆಮೇಲೆ ಹೊಲಿಯುವುದು, ಆಮೇಲೆ ಅಂಟು. ನಾನು ಓದದೆ ಉಳಿದ ಪಾಠದ ಪುಸ್ತಕಗಳಿಗೆಲ್ಲ ನಾನೇ ರಟ್ಟು ಹಾಕಿದ್ದೇನೆ. ಅಂಗಡಿಯ ಮೇಸ್ತ್ರಿ ನನ್ನನ್ನು ಕರೆಯುವುದು ಪಿಟಿಕ್ ಅಂತ. ಸೇರಿದ ಮೊದಲ ತಿಂಗಳು ನಾನು ಬಾಯಿ ಬಿಟ್ಟು ಪಿಟಿಕ್ ಎನ್ನಲಿಲ್ಲವಂತೆ, ಅದಕ್ಕೆ. ಅವರು ಚಿಕ್ಕಂದಿನಲ್ಲಿ ಪ್ರೆಸ್ಸಿನಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುವ ಸೀಸದ ಅಕ್ಷರ ಜೋಡಿಸುವ ಕೆಲಸ ಮಾಡಿದವರು. ಉಲ್ಟಾ ಅಕ್ಷರವೇ ಅವರಿಗೆ ನೆಟ್ಟಗೆ ಕಾಣುವುದು, ನೆಟ್ಟಗಿರುವುದನ್ನು ಓದಲು ಕನ್ನಡಕ ಬೇಕು. ಕಣ್ಣು ಮಂಜಾಗುತ್ತ ಬಂದಾಗ, ಈ ವರ್ಷದ ಮೊದಲಲ್ಲಿ, ಕಟಿಂಗ್ ಮಷಿನ್ನನ್ನು ನನ್ನ ಕೈಗೆ ಕೊಟ್ಟರು. ಬೇರೆ ಯಾರಿಗೂ ಕೊಡಲಿಲ್ಲ.

ಆ ಮಷಿನ್ನಿನ ಮುಂದೆ ನಿಂತರೆ ನನಗೆ ಮಾತಾಡಬೇಕೆನ್ನಿಸುವುದೇ ಇಲ್ಲ. ಐನೂರು ಹಾಳೆಗಳನ್ನು ತಟ್ಟಿ ಸಮ ಮಾಡಿ ಒಳಗೆ ಸರಿಸುತ್ತೇನೆ. ಹಿಂದೆ ಒಂದು ಕಬ್ಬಿಣದ ತಡೆ ಇದೆ, ಕಾಗದ ಅದಕ್ಕೆ ತಾಗಿ ನಿಲ್ಲುತ್ತದೆ. ಮುಂದಿನ ಚಕ್ರ ತಿರುಗಿಸಿದರೆ ಆ ತಡೆ ಹಿಂದೆ ಮುಂದೆ ಸರಿಯುತ್ತದೆ. ಅಳತೆ ಸರಿ ಇದ್ದರೆ ಅಲಗು ಇಳಿಸುವುದು. ಇಳಿದಾಗ ಆ ಐನೂರು ಹಾಳೆ ಒಂದೇ ಕಲ್ಲಿನ ಹಾಗೆ, ಅಂಚು ಸವರಿದರೆ ತಣ್ಣಗೆ, ನುಣ್ಣಗೆ. ನಮ್ಮ ಅಲಗಿನಲ್ಲಿ ಒಂದು ಕಡೆ ಎಳ್ಳಿನಷ್ಟು ಮುಕ್ಕಾಗಿದೆ. ಆ ಜಾಗದಲ್ಲಿ ಮಾತ್ರ ಒಂದು ಸಣ್ಣ ಗೀರು ಬರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ.

ಸೊಂಟ ಹಿಡಿದುಕೊಂಡದ್ದು ಈ ಕೆಲಸ ಬಂದ ಎರಡನೇ ತಿಂಗಳಲ್ಲಿ. ಕಾಗದದ ಬಂಡಲ್ ಎತ್ತುವಾಗ ಒಳಗೆ ಏನೋ ಛಳಕ್ ಅಂತು, ಅಷ್ಟೆ. ಎರಡು ದಿನದಲ್ಲಿ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಬಂದು, ಹೋಗಿ, ಮತ್ತೆ ಬಂದು, ಕೊನೆಗೆ ಬಿಡಾರ ಹೂಡಿತು. ಕೂತರೆ ನಿಲ್ಲಬೇಕು, ನಿಂತರೆ ಒರಗಬೇಕು, ಒರಗಿದರೆ ಓಡಾಡಬೇಕು. ಯಾವುದೂ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬೇರೆಯವರಿಗೆ ಬಿಟ್ಟುಕೊಟ್ಟು ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುತ್ತಿದ್ದೆ.

ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಕಾರಣವಿತ್ತು. ನನಗಿಂತ ಮೊದಲು ಮಡಿಸುವ ಮೇಜಿನಲ್ಲಿ ಒಬ್ಬ ಅಕ್ಕ ಇದ್ದಳು. ಅವಳಿಗೂ ಸೊಂಟನೋವು ಬಂತು. ಮನೆಯಲ್ಲಿ ಸ್ವಲ್ಪ ದಿನ ಸುಧಾರಿಸಿಕೋ ಎಂದು ಮಾಲೀಕರು ಒಳ್ಳೆಯ ಮಾತಿನಲ್ಲೇ ಕಳಿಸಿದರಂತೆ, ಮತ್ತೆ ಕರೆಯಲಿಲ್ಲವಂತೆ. ಅವಳ ಸ್ಟೂಲಿನ ಮೇಲೆ ಈಗ ಅಂಟಿನ ಡಬ್ಬ ಇದೆ. ಅದನ್ನು ನೋಡಿಕೊಂಡೇ ನಾನು ದಿನಾ ಕೆಲಸ ಮಾಡುವುದು.

ಹಾಗಾಗಿ ನಾನು ಉಪಾಯಗಳನ್ನು ಕಲಿತೆ. ಬೇಕೆಂದೇ ದಾರದ ಉಂಡೆ ಬೀಳಿಸಿ, ಕುಕ್ಕರುಗಾಲಿನಲ್ಲಿ ಕೂತು ಹುಡುಕುತ್ತಿದ್ದೆ. ಮಾದರಿ ಹಾಳೆ ತರುತ್ತೇನೆಂದು ಬಾಗಿಲಿಗೆ ಹೋಗಿ, ಚೌಕಟ್ಟಿನ ಮೂಲೆಗೆ ಬೆನ್ನು ಒತ್ತಿ ಹತ್ತು ಎಣಿಸಿ ಬರುತ್ತಿದ್ದೆ. ಕಾಲ ಕೆಳಗೆ ರದ್ದಿ ಬಂಡಲ್ ಇಟ್ಟುಕೊಂಡು ಕಾಲು ಬದಲಿಸುತ್ತಿದ್ದೆ. ಮೇಸ್ತ್ರಿ ಒಮ್ಮೆ ಕನ್ನಡಕದ ಮೇಲಿಂದ ನೋಡಿ, ಏನು ಪಿಟಿಕ್, ಬೆಳಿಗ್ಗೆಯಿಂದ ಇರುವೆಗೂಡಿನ ಮೇಲೆ ನಿಂತ ಹಾಗೆ ಕುಣೀತಿದ್ದೀಯ ಎಂದರು. ಹೊಸ ಚಪ್ಪಲಿ ಎಂದೆ. ಅವರು ಚಪ್ಪಲಿ ನೋಡಿದರು. ಹಳೆಯದಾಗಿತ್ತು.

ಐದು ವಾರ ಕಳೆದ ಮೇಲೆ, ಅರ್ಧ ದಿನ ರಜೆ ಕೇಳಿ ಆಸ್ಪತ್ರೆಗೆ ಹೋದೆ. ರಜೆಗೆ ಅಮ್ಮನ ಕಣ್ಣುನೋವಿನ ನೆಪ ಹೇಳಿದ್ದೆ.

ಆ ವರಾಂಡದಲ್ಲಿ ನಗು ಬರಿಸುವ ಒಂದು ದೃಶ್ಯ ಇರುತ್ತದೆ. ಉದ್ದದ ಬೆಂಚು ಪೂರ್ತಿ ಖಾಲಿ, ಜನರೆಲ್ಲ ನಿಂತಿರುತ್ತಾರೆ. ಒಬ್ಬರು ಗೋಡೆಗೆ ಒರಗಿ, ಒಬ್ಬರು ಕಂಬಕ್ಕೆ, ಒಬ್ಬರು ಸೊಂಟದ ಮೇಲೆ ಎರಡೂ ಕೈಯಿಟ್ಟು ಜಗಳಕ್ಕೆ ನಿಂತವರ ಹಾಗೆ. ಯಾರೂ ಒಂದು ಕಡೆ ನಿಲ್ಲುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪವೇ ಸರಿಯುತ್ತಾ, ತಿರುಗುತ್ತಾ ಇರುತ್ತಾರೆ. ಮೊದಲ ಸಲ ಹೋದಾಗ ಇವರೆಲ್ಲ ಯಾಕೆ ಕೂರುತ್ತಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ, ಯಾಕೆಂದರೆ ನಾನೂ ಕೂರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಬಸ್ ಡ್ರೈವರ್ ಒಬ್ಬರು ಹೆಂಡತಿಯ ಹೆಗಲು ಹಿಡಿದು ಬಂದರು. ದೊಡ್ಡ ಆಳು. ಆದರೆ ಒಂದೊಂದು ಹೆಜ್ಜೆಯನ್ನೂ ನೆಲವನ್ನು ಕೇಳಿ ಇಡುವ ಹಾಗೆ ನಡೆಯುತ್ತಿದ್ದರು. ಕಂಬಕ್ಕೆ ಒರಗಿದ್ದ ಹೆಂಗಸು ಬಿದ್ದಿರಾ ಎಂದು ಕೇಳಿದಳು. ಇಲ್ಲ, ಬರೀ ಮಲಗಿದ್ದರು ಎಂದಳು ಹೆಂಡತಿ. ಮೂರೂವರೆ ವಾರ ಹಾಸಿಗೆ ಬಿಟ್ಟು ಏಳಲು ಬಿಟ್ಟಿಲ್ಲವಂತೆ. ಊಟ ಅಲ್ಲಿಗೇ, ಸ್ನಾನ ಒದ್ದೆ ಬಟ್ಟೆಯಲ್ಲಿ. ಅವರು ಏಳುತ್ತೇನೆ ಎಂದಾಗಲೆಲ್ಲ ಇವಳು ಹಾಳೆ ತೋರಿಸಿ ಮಲಗಿಸಿದಳಂತೆ. ಮೊದಲು ಸೊಂಟ ಮಾತ್ರ ನೋಯುತ್ತಿತ್ತು, ಈಗ ಕಾಲಿನಲ್ಲಿ ಬಲವೇ ಇಲ್ಲ ಎನ್ನುತ್ತಾ ಅವಳು ಚೀಲದಿಂದ ಹಾಳೆ ತೆಗೆದಳು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಳು.

ನಾನು ಅವಳ ಪಕ್ಕಕ್ಕೆ ಸರಿದು ಬಗ್ಗದೆ ಕಣ್ಣಷ್ಟೇ ಇಳಿಸಿ ನೋಡಿದೆ. 'ದಿನವಿಡೀ ಮಲಗಿರಬೇ.' ಅದೇ ಜಾಗ, ಅದೇ ಅಕ್ಷರ. ನೋಡಬಹುದಾ ಎಂದು ಕೈಯಲ್ಲೇ ಕೇಳಿದೆ. ಅವಳು ಕೊಟ್ಟಳು. ಹಾಳೆಯನ್ನು ಕವರಿನಿಂದ ಅರ್ಧ ಎಳೆದು ಬಲಗಡೆಯ ಅಂಚಿನ ಮೇಲೆ ಉಗುರು ಓಡಿಸಿದೆ. ಮೇಲಿನಿಂದ ನಾಲ್ಕು ಬೆರಳು ಕೆಳಗೆ ಉಗುರು ತಡೆಯಿತು.

ನಮ್ಮ ಗೀರು.

ಎಲ್ಲ ಒಟ್ಟಿಗೆ ನೆನಪಾಯಿತು. ಸೊಂಟ ಹಿಡಿದ ಮೊದಲ ವಾರ, ಪಕ್ಕದ ಪ್ರೆಸ್ಸಿನಿಂದ ಬಂದ ಒಂದು ಸಾವಿರ ಹಾಳೆ. ಐವತ್ತರ ಪ್ಯಾಡ್ ಮಾಡಿ ಮೂರು ಕಡೆ ಅಂಚು ತೆಗೆಯಬೇಕಿತ್ತು. ಕಾಗದ ಬೋರಲಾಗಿತ್ತು, ಏನಿದೆಯೆಂದು ನೋಡಲಿಲ್ಲ. ವಾರಕ್ಕೆ ನಲವತ್ತು ಬಗೆಯ ಕಾಗದ ಬರುತ್ತದೆ, ಎಲ್ಲ ಓದುತ್ತ ಕೂತರೆ ಆಯಿತು. ಅಳತೆಯ ಪಟ್ಟಿ ಇರುವುದು ಮಷಿನ್ನಿನ ಹಿಂಬದಿ, ಅಲಗಿನ ಆಚೆ. ಅದನ್ನು ಓದಬೇಕೆಂದರೆ ಸೊಂಟದಿಂದ ಪೂರ್ತಿ ಬಗ್ಗಿ ಮೇಜಿನ ಮೇಲೆ ಎದೆ ಇಡಬೇಕು. ಆ ದಿನ ನನಗೆ ಚಪ್ಪಲಿ ಹಾಕಿಕೊಳ್ಳಲೂ ಬಗ್ಗಲಾಗುತ್ತಿರಲಿಲ್ಲ. ಅದಕ್ಕೆ ಪಟ್ಟಿ ನೋಡದೆ ಚಕ್ರದ ಸುತ್ತು ಎಣಿಸಿ ತಡೆ ಸರಿಸಿದೆ. ಎಣಿಕೆ ಒಂದು ಸುತ್ತು ತಪ್ಪಿತ್ತು. ಒಂದು ಸುತ್ತು ಅಂದರೆ ಒಂದರಿಂದ ಮೂರು ಅಕ್ಷರ.

ನನ್ನ ಸೊಂಟ ಕತ್ತರಿಸಿದ ಹಾಳೆ ನನ್ನ ಸೊಂಟಕ್ಕೇ ಔಷಧಿಯಾಗಿ ಬಂದಿತ್ತು. ಊರಲ್ಲಿ ಇನ್ನೆಷ್ಟು ಮನೆಯ ಗೋಡೆಗಳ ಮೇಲಿದೆಯೋ. ಹಾಳೆಯನ್ನು ಕವರಿಗೆ ತುರುಕಿ ಹಿಂದಕ್ಕೆ ಕೊಟ್ಟೆ. ವರಾಂಡದ ಆ ತುದಿಗೆ ನಡೆದೆ, ಈ ತುದಿಗೆ ಬಂದೆ. ಹೊರಗೆ ಹೋಗುವ ಬಾಗಿಲು ತೆರೆದೇ ಇತ್ತು. ಈಗ ಹೇಳಿದರೆ ಆಸ್ಪತ್ರೆಯಿಂದ ಪ್ರೆಸ್ಸಿಗೆ ಹೋಗುತ್ತದೆ, ಪ್ರೆಸ್ಸಿನಿಂದ ಮೇಸ್ತ್ರಿಗೆ. ಮೇಸ್ತ್ರಿ ಯಾಕೆ ಹೀಗಾಯಿತು ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಮಷಿನ್ ಹೋಯಿತು, ಆಮೇಲೆ ನನ್ನ ಸ್ಟೂಲಿನ ಮೇಲೂ ಒಂದು ಡಬ್ಬ. ಇಷ್ಟು ದಿನ ಸುಮ್ಮನಿದ್ದವಳಿಗೆ ಇನ್ನೊಂದು ದಿನ ಸುಮ್ಮನಿರುವುದು ಏನು ಕಷ್ಟ. ಅಷ್ಟರಲ್ಲಿ ಒಳಗಿನಿಂದ ನನ್ನ ನಂಬರನ್ನೂ ಡ್ರೈವರ್ ನಂಬರನ್ನೂ ಒಟ್ಟಿಗೆ ಕೂಗಿದರು.

ಒಳಗೆ ಎರಡು ಮಂಚ, ನಡುವೆ ಹಸಿರು ಪರದೆ. ನನ್ನನ್ನು ಈ ಮಂಚದ ಮೇಲೆ ಮಂಡಿ ಮಡಿಸಿ ಮಲಗಲು ಹೇಳಿ ಮೇಡಂ ಆ ಕಡೆ ಹೋದರು. ಪರದೆ ಕಣ್ಣಿಗೆ ಅಡ್ಡವಾಗಿದ್ದರೂ ಕಿವಿಗೇನೂ ಅಡ್ಡಿಯಿರಲಿಲ್ಲ. ಮೂರೂವರೆ ವಾರ ಎಂದದ್ದಕ್ಕೆ ಮೇಡಂ ಧ್ವನಿ ಏರಿತು. ಇಷ್ಟು ದಿನ ಮಲಗಲು ಯಾರು ಹೇಳಿದರು, ನಡೆದಾಡಿದ್ದರೆ ಇಷ್ಟೊತ್ತಿಗೆ ಬಸ್ ಓಡಿಸುತ್ತಿದ್ದಿರಿ ಎಂದರು. ಹಾಳೆಯಲ್ಲೇ ಬರೆದಿದೆಯಲ್ಲ ಮೇಡಂ ಎಂದಳು ಹೆಂಡತಿ. ಕವರ್ ಚರಚರ ಅಂದದ್ದು ಕೇಳಿಸಿತು.

"ಇಲ್ಲಿ ನೋಡಿ, ಮಲಗಿರಬೇಡಿ ಅಂತ ಸ್ಪಷ್ಟವಾಗಿ ಇದೆ," ಎಂದು ಮೇಡಂ ಓದಿದರು. ಹಾಳೆ ಬರೆದವರು ಅವರೇ. ಅವರ ಕಣ್ಣು ತಾವು ಬರೆದದ್ದನ್ನು ಓದಿತೇ ಹೊರತು ಅಲ್ಲಿ ಇದ್ದದ್ದನ್ನಲ್ಲ. "ನಿಮಗೆ ಓದೋಕೆ ಬರುತ್ತಾ?"

ಕವರ್ ಮತ್ತೊಮ್ಮೆ ಚರಚರ ಅಂತು. ಆಮೇಲೆ ಹೆಂಡತಿ ಸಣ್ಣ ದನಿಯಲ್ಲಿ ಹೇಳಿದಳು. "ಅಷ್ಟಾಗಿ ಬರಲ್ಲ ಮೇಡಂ. ಕೂಡಿಸ್ಕೊಂಡು ಓದ್ತೀನಿ. ನಾನೇ ತಪ್ಪು ಓದಿರಬೇಕು."

ನನಗೆ ಆ ದನಿ ಗೊತ್ತು. ಬ್ಯಾಂಕಿನಲ್ಲಿ, ಶಾಲೆಯ ಆಫೀಸಿನಲ್ಲಿ, ಎಷ್ಟನೇ ಕ್ಲಾಸಿನವರೆಗೆ ಓದಿದ್ದೀಯ ಎಂದು ಕೇಳಿದ ಪ್ರತಿಯೊಂದು ಮೇಜಿನ ಮುಂದೆಯೂ ನನ್ನದೇ ಬಾಯಿಂದ ಅದು ಬಂದಿದೆ. ಬೇರೆಯವರ ತಪ್ಪನ್ನೂ ಮಡಿಲಿಗೆ ಹಾಕಿಕೊಳ್ಳುವ ದನಿ. ಆದರೆ ಈ ಸಲ ಆ ತಪ್ಪಿನ ಯಜಮಾನಿ ಪರದೆಯ ಈಚೆ ಮಂಡಿ ಮಡಿಸಿ ಮಲಗಿದ್ದಳು.

ಎದ್ದೆ. ಮಗ್ಗುಲಾಗಿ, ಕೈಯೂರಿ, ಹೇಳಿಕೊಟ್ಟ ಹಾಗೆ ಏಳಬೇಕಿತ್ತು. ನೆಟ್ಟಗೆ ಎದ್ದುಬಿಟ್ಟೆ, ಸೊಂಟ ಚುರಕ್ ಅಂತು. ಪರದೆ ಸರಿಸಿದೆ. ಮೂವರೂ ತಿರುಗಿ ನೋಡಿದರು.

"ಅವರು ತಪ್ಪು ಓದಿಲ್ಲ ಮೇಡಂ. ಅಲ್ಲಿ ಅಕ್ಷರಾನೇ ಇಲ್ಲ. ನಾನು ಕತ್ತರಿಸಿಬಿಟ್ಟೆ."

ಮೇಡಂಗೆ ಅರ್ಥವಾಗಲಿಲ್ಲ. ನನ್ನನ್ನು, ಆಮೇಲೆ ನನ್ನ ಕೈಯನ್ನು ನೋಡಿದರು, ಕತ್ತರಿ ಹಿಡಿದಿದ್ದೇನೋ ಎಂಬಂತೆ. ನಾನು ಮಾತು ಸೇರಿಸಿ ಸೇರಿಸಿ ಹೇಳಿದೆ. ಬೈಂಡಿಂಗ್ ಅಂಗಡಿ, ಚಕ್ರ, ಒಂದು ಸುತ್ತು, ಗೀರು. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಸಲ ಓದುವವರ ಹಾಗೆ ಬೆರಳಿಟ್ಟು ಓದಿದರು. ಮೇಜಿನ ಮೇಲಿನ ಪ್ಯಾಡ್ ತೆಗೆದು ನೋಡಿದರು. ಅದರಲ್ಲೂ ಆ ಅಕ್ಷರಗಳಿರಲಿಲ್ಲ. ಕುರ್ಚಿಯಲ್ಲಿ ಕೂತುಬಿಟ್ಟರು. ಎರಡು ತಿಂಗಳಿಂದ ಇದನ್ನೇ ಕೊಡ್ತಿದ್ದೀನಲ್ಲ ಎಂದು ತಮಗೇ ಹೇಳಿಕೊಂಡರು. ಆಮೇಲೆ ಡ್ರೈವರ್ ಹೆಂಡತಿಗೆ, ನೀವು ಸರಿಯಾಗೇ ಓದಿದ್ದೀರಿ, ನೋಡದೆ ಹೇಳಿದ್ದು ನಾನು ಎಂದರು. ಅವಳು ನನ್ನನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ಕೋಪ ಇತ್ತು, ಇರಬೇಕಾದದ್ದೇ. ಗಂಡನಿಗೆ ಏಳಿ ಎಂದಳು. ಆ ದೊಡ್ಡ ಆಳು ಗೋಡೆ ಹಿಡಿದು ಕೋಣೆಯ ಆ ತುದಿಗೆ ನಡೆದರು, ಮತ್ತೆ ಈಚೆಗೆ ಬಂದರು. ಸಂಜೆಯೂ ಹೀಗೇ ನಡೀಬೇಕು, ಕಾಲಿಗೆ ಬಲ ಬರುತ್ತೆ, ವಾರವಾರ ಬನ್ನಿ ಎಂದು ಮೇಡಂ ಹೇಳಿದ್ದನ್ನು ಕೇಳಿದ ಮೇಲೆಯೇ ನನಗೆ ಉಸಿರು ಸಡಿಲವಾದದ್ದು.

ಅವರು ಹೋದ ಮೇಲೆ ನಾನು ನನ್ನ ಸಾಲನ್ನು ಕೇಳಿದೆ. ಮೇಡಂ ಡ್ರಾಯರಿನಿಂದ ತಮ್ಮ ಕೈಬರಹದ ಹಾಳೆ ತೆಗೆದು ಕೊಟ್ಟರು. ಕೊನೆಯ ಸಾಲು ಎಲ್ಲಕ್ಕಿಂತ ಉದ್ದವಾಗಿತ್ತು. 'ಸೊಂಟನೋವು ಇರುವವರು ಕೆಲಸ ಬಿಡಬೇಕಾಗಿಲ್ಲ.'

ಐದು ವಾರ ನಾನು ಎರಡೇ ಉತ್ತರಗಳ ನಡುವೆ ಓಡಾಡಿದ್ದೆ. ಇದು ಎರಡೂ ಅಲ್ಲ. ಬಿಡು ಎಂದು ನೂಕುವುದೂ ಇಲ್ಲ, ಬಿಡಬೇಡ ಎಂದು ಹಿಡಿಯುವುದೂ ಇಲ್ಲ. ನೋವು ಪೂರ್ತಿ ಹೋಗುತ್ತದೆಯೇ ಎಂದು ಕೇಳಿದೆ. ಕಡಿಮೆಯಾಗುತ್ತೆ, ಆಗಾಗ ಬಂದು ಮಾತಾಡಿಸಿ ಹೋಗುತ್ತೆ, ಅದು ಇದ್ದಾಗಲೂ ಹೇಗೆ ಕೆಲಸ ಮಾಡೋದು ಅನ್ನೋದನ್ನ ನೀನು ಕಲೀಬೇಕು ಎಂದರು. ಯಾವ ಯಾವ ಕೆಲಸಕ್ಕೆ ಬಗ್ಗುತ್ತೇನೆಂದು ಒಂದೊಂದಾಗಿ ಕೇಳಿದರು. ಅಳತೆಯ ಪಟ್ಟಿಯ ವಿಷಯ ಬಂದಾಗ, ಅದಕ್ಕೇನಾದರೂ ದಾರಿ ಮಾಡಿಕೋ, ಆದರೆ ನಿಮ್ಮ ಮೇಸ್ತ್ರಿಗೆ ಹೇಳದೆ ಅಲ್ಲ ಎಂದರು.

ಮಧ್ಯಾಹ್ನ ಅಂಗಡಿಗೆ ಹೋದಾಗ ಮೇಸ್ತ್ರಿ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಅಮ್ಮನ ಕಣ್ಣು ಹೇಗಿದೆ ಎಂದು ಕೇಳಿದರು. ನಾನು ಆಸ್ಪತ್ರೆಯ ಪ್ಯಾಡಿನಿಂದ ಕೇಳಿ ತಂದಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಓದಲಿಲ್ಲ, ಅಂಚಿನ ಮೇಲೆ ಉಗುರು ಓಡಿಸಿದರು. ನಮ್ಮದೇ ಎಂದರು. ಆಮೇಲೆ ಕನ್ನಡಕ ಹಾಕಿ ಓದಿದರು, ತುಟಿ ಅಲ್ಲಾಡುತ್ತಾ ಬಂದು ನಾಲ್ಕು ಕಡೆ ನಿಂತಿತು. ನಾನು ಎಲ್ಲ ಹೇಳಿದೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಅದನ್ನು ಮುಚ್ಚಿಡದೆ ಹೇಳಿದೆ.

ಅಕ್ಷರದ ವಿಷಯಕ್ಕೆ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಸೊಂಟ ಹಿಡ್ಕೊಂಡಾಗೆಲ್ಲ ಕೈ ಎಲ್ಲಿರ್ತಿತ್ತು?"

ನಾನು ನನ್ನ ಕೈ ನೋಡಿಕೊಂಡೆ. ಒಂದೆರಡು ಸಲ ಅಲಗಿನ ಕೆಳಗೇ ಇತ್ತು.

"ಅಕ್ಷರ ಹೋದ್ರೆ ಬರೀಬಹುದು ಪಿಟಿಕ್. ಹೇಳೋಕೆ ಏನಾಗಿತ್ತು ನಿನಗೆ?"

ಅಂಟಿನ ಡಬ್ಬ ಇದ್ದ ಸ್ಟೂಲಿನ ಕಡೆ ನೋಡಿದೆ. ಅವರೂ ನೋಡಿದರು. ಅವಳು ಹೋಗುವಾಗ ನಾನೂ ಬಾಯಿ ಬಿಡಲಿಲ್ಲ ಎಂದರು. ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ, ಏನಾಗುತ್ತದೋ ಹೇಳಲಾರೆ, ಅಲ್ಲಿಯವರೆಗೆ ಪಟ್ಟಿ ನೋಡದೆ ಅಲಗು ಮುಟ್ಟಬಾರದು ಎಂದರು. ಆಮೇಲೆ ಸ್ಕೂಟರ್ ತೆಗೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಉಳಿದಿದ್ದ ಒಂಬತ್ತು ಪ್ಯಾಡ್ ತಂದರು.

ಆ ಸಂಜೆ ಮನೆಯಲ್ಲಿ ಗೋಡೆಯ ಹಾಳೆಯ ಮೇಲೆ, ಸಾಲಿನ ಕೆಳಗೆ 'ಕಾಗಿಲ್ಲ' ಎಂದು ಪೆನ್ನಿನಲ್ಲಿ ಬರೆದೆ. ಅಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು. "ಇದು ನಿನ್ನ ಕೈಬರಹ, ಆಸ್ಪತ್ರೇದಲ್ಲ," ಎಂದಳು. ನಡೆದದ್ದನ್ನು ಹೇಳಿದೆ. ಅವಳು ನಂಬಿದಳೋ ಇಲ್ಲವೋ. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ತಾನು ಸಿಂಕಿನ ಅಂಚು ಹಿಡಿದು ಸೊಂಟ ನೀವಿಕೊಂಡಳು. ಅವಳು ಹಾಗೆ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಅದನ್ನು ನೋವು ಎಂದು ಎಣಿಸಿರಲಿಲ್ಲ. ಮುಂದಿನ ವಾರ ನೀನೂ ಬಾ ಎಂದೆ. ನೋಡೋಣ ಎಂದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಮನೆಯಿಂದ ತಾವು ಗಡ್ಡ ಮಾಡಿಕೊಳ್ಳುವ ಕನ್ನಡಿ ತಂದಿದ್ದರು. ಅದನ್ನು ಅಳತೆಯ ಪಟ್ಟಿಯ ಮೇಲೆ ಓರೆಯಾಗಿ ತಂತಿಯಿಂದ ಬಿಗಿದರು. ಈಗ ನೆಟ್ಟಗೆ ನಿಂತೇ ಅಂಕಿ ಕಾಣುತ್ತದೆ, ಆದರೆ ಉಲ್ಟಾ. ಅವರಿಗೆ ಅದು ನೀರು ಕುಡಿದಷ್ಟು ಸುಲಭ, ನನಗೆ ತಲೆ ತಿರುಗುತ್ತದೆ. ಉಲ್ಟಾ ಅಂಕಿ ಕಲಿಯುವ ಮೊದಲು ಇದನ್ನು ಮುಗಿಸು ಎಂದು ಪ್ಯಾಡುಗಳನ್ನು ಮುಂದಿಟ್ಟರು. ಎತ್ತರದ ಮೇಜಿನ ಮುಂದೆ ನಿಂತು, ರದ್ದಿ ಬಂಡಲ್ ಮೇಲೆ ಒಂದು ಕಾಲಿಟ್ಟು, ನಾನು ಬರೆಯತೊಡಗಿದೆ. ಒಂದೊಂದು ಹಾಳೆಗೂ ಡಿ, ಕು, ಡಿ, ಕಾಗಿಲ್ಲ. ನಾನೂರೈವತ್ತು ಹಾಳೆ. ಮಾಲೀಕರು ಹತ್ತು ಗಂಟೆಗೆ ಬಂದು ಒಳಗಿನ ಕೋಣೆಗೆ ಹೋದರು. ಮೇಸ್ತ್ರಿ ಹಿಂದೆಯೇ ಹೋಗಿ ಬಾಗಿಲು ಮುಂದಕ್ಕೆ ಮಾಡಿದರು. ಅವರ ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನನ್ನ ಅಕ್ಷರಗಳು ಸೊಟ್ಟಗಾದವು. ಕಾಲು ಬದಲಿಸಿದೆ, ಪೆನ್ನು ಬದಲಿಸಿದೆ, ಮತ್ತೆ ಕಾಲು.

ಬಾಗಿಲು ತೆರೆಯಿತು. ಮೇಸ್ತ್ರಿಯ ಮುಖದಲ್ಲಿ ಏನೂ ಓದಲಾಗಲಿಲ್ಲ. ಅವರು ನೇರವಾಗಿ ಆ ಸ್ಟೂಲಿನ ಹತ್ತಿರ ಹೋಗಿ, ಅಂಟಿನ ಡಬ್ಬವನ್ನು ಎತ್ತಿ ನೆಲದ ಮೇಲಿಟ್ಟು, ಸ್ಟೂಲನ್ನು ಒರೆಸಿ, ತಂದು ನನ್ನ ಕಾಲ ಬಳಿ ಹಾಕಿದರು. ರದ್ದಿ ಬಂಡಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು.

"ಅರ್ಧ ಗಂಟೆ ಆಯ್ತು," ಎಂದರು. "ಎದ್ದು ಓಡಾಡು ಅಂತ ಬರೆದಿದೆ. ಆ ಸಾಲನ್ನ ನೀನು ಕತ್ತರಿಸಿಲ್ಲ."

ಪೆನ್ನು ಕೆಳಗಿಟ್ಟು, ಮಡಿಸುವ ಮೇಜು ದಾಟಿ, ಬಾಗಿಲವರೆಗೆ ನಡೆದೆ. ನೋವೂ ಜೊತೆಗೇ ಬಂತು. ತಿರುಗಿ ಬರುವಾಗ ಮಷಿನ್ನಿನ ಮುಂದೆ ನಿಂತು ಕನ್ನಡಿಯೊಳಗೆ ನೋಡಿದೆ. ಒಂದು ಅಂಕಿ ಗುರುತು ಸಿಕ್ಕಿತು, ಎಂಟು. ಅದು ಉಲ್ಟಾ ಆದರೂ ಹಾಗೇ ಇರುತ್ತದೆ. ಉಳಿದವನ್ನು ಇನ್ನೂ ಕಲಿಯಬೇಕು.